ವೆಸ್ಟ್ ಇಂಡೀಸಿನಿಂದ ಬಂದ ನಮ್ಮ ಫಾಸ್ಟ್ ಬೌಲರ್

ಒಬ್ಬ ಮನುಷ್ಯನನ್ನ ಭಯಂಕರ ಫಾಸ್ಟ್ ಬೌಲರ್ ಅಂತ ನಾವಿರುವ ಅಬ್ಬಾಸಿಯಾ ಏರಿಯಾ ಇಡೀ ಡಂಗುರ ಸಾರಿ, ಮ್ಯಾಚಿಗೆ ಕರ್ಕೊಂಡು ಹೋಗಿ, ಕೈಗೆ ಬಾಲ್ ಕೊಡಿಸಿದ್ದು ನಾನೇ. "ನಿಮಗೆ ಬೌಲಿಂಗ್ ಬರ್ತದಾ?" ಅಂತ ಒಂದೇ ಒಂದು ಮಾತು ಕೇಳಿರ್ಲಿಲ್ಲ. ಕುವೈತಿನಲ್ಲಿ ಇಂಥ ಪೆದ್ದು ಕೆಲಸಕ್ಕೆ ಕಾಂಪಿಟಿಶನ್ ಬಹಳ ಉಂಟು ಮಾರಾಯ್ರೆ, ಆದ್ರೆ ಆ ವರ್ಷದ ಕಪ್ ನಂದೇ.

ವಿಷಯ ಎಂತ ಅಂದ್ರೆ, ನಾನು ನಮ್ಮ ಶುಕ್ರವಾರದ ಕ್ರಿಕೆಟ್ ಟೀಮಿನ ಖಾಯಂ ಹನ್ನೆರಡನೆಯವ. ಟೀಮ್ ಅಂದ್ರೆ ದೊಡ್ಡದೇನಲ್ಲ. ಉಡುಪಿ ಕಡೆಯ ನಾವು ನಾಲ್ಕೈದು ಜನ, ಹುಬ್ಬಳ್ಳಿ ವಿಜಯಪುರ ಕಡೆಯವರು ನಾಲ್ಕೈದು ಜನ, ಸಾಲದೆ ಬಂದ್ರೆ ರೂಮಿನಲ್ಲಿ ಮಲಗಿದವರನ್ನ ಎಬ್ಬಿಸಿ ತಂದದ್ದು. ಹಾಗೆ ಎಬ್ಬಿಸಿ ತಂದವ ಕೂಡ ಬ್ಯಾಟ್ ಹಿಡೀತಾನೆ, ನಾನು ಮಾತ್ರ ನೀರಿನ ಕ್ಯಾನ್ ಹಿಡೀತೇನೆ. ಕಾರಣ ಉಂಟು. ಒಮ್ಮೆ ಆಡ್ಲಿಕ್ಕೆ ಬಿಟ್ಟಾಗ ಕ್ಯಾಚ್ ಹಿಡೀಲಿಕ್ಕೆ ಅಂತ ಓಡಿ, ಬಾಲ್ ಬಿಟ್ಟು ನಮ್ಮದೇ ವಿಕೆಟ್ ಕೀಪರನ್ನ ಹಿಡಿದು ಕೆಡವಿದ್ದೆ. ಅವನು ಒಂದು ವಾರ ಆಫೀಸಿಗೆ ಕುಂಟ್ಕೊಂಡು ಹೋದ. ಅಲ್ಲಿಗೆ ನನ್ನ ಕ್ರಿಕೆಟ್ ಖಲಾಸ್.

ಕ್ಯಾಪ್ಟನ್ ಹುಬ್ಬಳ್ಳಿಯವರು, ವೆಲ್ಡಿಂಗ್ ಫೋರ್‌ಮನ್, ನಮಗೆಲ್ಲ ಅಣ್ಣ. ಆಚೆ ಏರಿಯಾದ ಮಂಗಫ್ ಟೀಮಿನವರು ನಮ್ಮನ್ನ ಪ್ರತಿ ಸಲ ಚಟ್ನಿ ಮಾಡಿ ಕಳಿಸ್ತಿದ್ರು. ರಿಫೈನರಿಯಲ್ಲಿ ಕೆಲಸ ಮಾಡುವ ಗಟ್ಟಿ ಹುಡುಗರು ಅವರು. ಒಂದು ಶುಕ್ರವಾರ ಸೋತು ಕೂತಾಗ ಅಣ್ಣ ಬೇಜಾರಿನಲ್ಲಿ ಹೇಳಿದ್ರು, "ನಮಗೊಬ್ಬ ಖರೇ ಫಾಸ್ಟ್ ಬೌಲರ್ ಬೇಕ್ರಪಾ. ಯಾರು ತರ್ತೀರಿ ಅವ್ರಿಗೆ ಏನ್ ಬೇಕು ಕೇಳ್ರಿ, ಕೊಡ್ತೀನಿ."

"ನನಗೆ ಹನ್ನೊಂದರಲ್ಲಿ ಜಾಗ ಕೊಡ್ತೀರಾ ಅಣ್ಣಾ?" ಅಂದೆ.

ಅಣ್ಣ ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ಎಲ್ಲಿಂದ ತರ್ತಾನೆ ಇವನು ಅನ್ನುವ ಧೈರ್ಯದಲ್ಲಿ, "ಆತು, ಕೊಟ್ಟೆ" ಅಂದ್ಬಿಟ್ರು.

ಅದೇ ವಾರ ಸಬ್ಹಾನಿನಲ್ಲಿ ನಾನು ಕೆಲಸ ಮಾಡುವ ಗೋಡೌನಿಗೆ ಹೊಸ ಸೇಫ್ಟಿ ಆಫೀಸರ್ ಬಂದ್ರು. ನಲವತ್ತೈದರ ಆಸುಪಾಸು, ಕಪ್ಪು ಬಣ್ಣ, ಎತ್ತರ ಎಷ್ಟಂದ್ರೆ ನಮ್ಮ ರ‍್ಯಾಕಿನ ಮೂರನೇ ಅಟ್ಟದ ಪೆಟ್ಟಿಗೆಗೆ ಏಣಿ ಇಲ್ಲದೆ ಕೈ ಹೋಗ್ತದೆ. ಅಂಗೈ ನೋಡಿದ್ರೆ ನಮ್ಮ ದೋಸೆ ಕಾವಲಿ. ಹೆಲ್ಮೆಟ್ ಹಾಕದ್ದಕ್ಕೆ ನನಗೆ ಬೈಲಿಕ್ಕೆ ಬಂದ್ರು. ಬೈಸ್ಕೊಳ್ತಾ ಇದ್ದ ಹಾಗೇ ಕೇಳಿದೆ, "ಸರ್, ನಿಮ್ಮದು ಯಾವ ಊರು?"

"ಮಾಂಟ್ಸೆರಾಟ್. ಚಿಕ್ಕ ದ್ವೀಪ. ವೆಸ್ಟ್ ಇಂಡೀಸ್."

ಮುಂಚಿನ ಎರಡು ಮಾತು ನನ್ನ ಕಿವಿಗೆ ಬೀಳ್ಲೇ ಇಲ್ಲ. ವೆಸ್ಟ್ ಇಂಡೀಸ್! ಅಪ್ಪ ಹೇಳ್ತಿದ್ರು, ಹಳೇ ಕಾಲದಲ್ಲಿ ಆ ಬೌಲರ್‌ಗಳು ಓಡಿ ಬರುವಾಗ ಟಿವಿ ಮುಂದೆ ಕೂತವರೂ ತಲೆ ತಗ್ಗಿಸ್ತಿದ್ರಂತೆ. ಆ ಊರಲ್ಲಿ ಹುಟ್ಟಿದವರಿಗೆ ಅದು ಬರ್ಲೇಬೇಕು, ನಮ್ಮ ಕರಾವಳಿಯವನಿಗೆ ಮೀನು ತಿನ್ಲಿಕ್ಕೆ ಯಾರಾದ್ರೂ ಕಲಿಸ್ತಾರಾ? "ಶುಕ್ರವಾರ ಬೆಳಿಗ್ಗೆ ನಮ್ಮ ಜೊತೆ ಕ್ರಿಕೆಟಿಗೆ ಬರ್ತೀರಾ ಸರ್?" ಅಂದೆ. ಅವರು ಕೈಯಲ್ಲಿದ್ದ ಪೆನ್ನು ಜೇಬಿಗೆ ಹಾಕಿದ್ರು. ಆಮೇಲೆ ನನ್ನ ಹೆಲ್ಮೆಟ್ ವಿಷಯವೇ ಮರೆತು, "ಬರ್ತೇನೆ. ಖಂಡಿತ ಬರ್ತೇನೆ" ಅಂದ್ರು.

ಸಂಜೆಯೊಳಗೆ ವಾಟ್ಸಾಪ್ ಗ್ರೂಪಿನಲ್ಲಿ ಅವರು ಇಂಗ್ಲೆಂಡಿನ ಕೌಂಟಿ ಟೀಮಿಗೆ ಆಡಿದವರಾಗಿದ್ರು. ಅಲ್ಲಿ ಕೆಲಸ ಮಾಡಿ ಬಂದವರು ಅಂತ ಆಫೀಸಿನಲ್ಲಿ ಕೇಳಿದ್ದೆ, ನಾನು ಹೇಳಿದ್ದು "ಇಂಗ್ಲೆಂಡಿನಲ್ಲಿ ಇದ್ದವರು" ಅಂತ ಮಾತ್ರ. ಗುರುವಾರದ ಹೊತ್ತಿಗೆ ಅವರ ಬಾಲ್ ತಾಗಿ ಯಾರದ್ದೋ ಹಲ್ಲು ಹೋದ ಕಥೆಯೂ ಬಂತು. ಆ ಹಲ್ಲು ಮಾತ್ರ ನಂದೇ ಸೃಷ್ಟಿ, ಒಪ್ಕೊಳ್ತೇನೆ.

ಶುಕ್ರವಾರ ಬೆಳಿಗ್ಗೆ ಮಂಗಫ್‌ನ ಸೇಫ್ಟಿ ಆಫೀಸರ್ ಇರುವ ಬಿಲ್ಡಿಂಗ್ ಕೆಳಗೆ ಕಾರ್ ತಂದು ನಿಲ್ಲಿಸಿದೆ. ಬಿಳಿ ಶರ್ಟ್, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದು ಕೂತ್ರು, ತೊಡೆ ಮೇಲೆ ಟವೆಲ್ ಸುತ್ತಿದ ದೊಡ್ಡ ಪಾತ್ರೆ. ಪಾತ್ರೆಯಲ್ಲಿ ಎಂತ ಅಂತ ಕೇಳುವ ಬದಲು ದೊಡ್ಡ ಆಟಗಾರರ ಡಯಟ್ ಇರ್ಬೇಕು ಅಂದ್ಕೊಂಡೆ. ದಾರಿಯಲ್ಲಿ ಮಾತಿಗೆ ಅಂತ ಕೇಳಿದೆ. (ನಾವು ಆಡಿದ್ದು ಇಂಗ್ಲಿಷಲ್ಲಿ. ನನ್ನ ಇಂಗ್ಲಿಷನ್ನ ಇಲ್ಲಿ ಹಾಗೇ ಬರೆದ್ರೆ ನಿಮಗೆ ಜ್ವರ ಬರ್ತದೆ.)

"ಸರ್, ನಿಮ್ಮ ಊರಿನ ರಾಜಧಾನಿ ದೊಡ್ಡದುಂಟಾ?"

"ಉಂಟು. ಆದ್ರೆ ಅಲ್ಲಿ ಯಾರೂ ಇಲ್ಲ."

ಜೋಕು ಅಂತ ನಾನು ಸ್ಟೇರಿಂಗಿಗೆ ಬಡಿದು ನಕ್ಕೆ. ಅವರೂ ಸಣ್ಣಗೆ ನಕ್ಕು, ನಿಧಾನಕ್ಕೆ ಹೇಳಿದ್ರು. ಅವರ ದ್ವೀಪ ನೋಡ್ಲಿಕ್ಕೆ ಪೇರ್ ಹಣ್ಣಿನ ಹಾಗೆ, ಈ ತುದಿಯಿಂದ ಆ ತುದಿಗೆ ಅಂದ್ರೆ ಅಬ್ಬಾಸಿಯಾದಿಂದ ಮಂಗಫ್‌ಗೆ ಹೋಗುವಷ್ಟು ದೂರವೂ ಇಲ್ಲ. ಎಲ್ಲ ಹಸಿರು ಗುಡ್ಡ, ಸಮುದ್ರ ತೀರದ ಮರಳು ಕಪ್ಪು. ಅವರು ಹುಡುಗ ಆಗಿದ್ದಾಗ ದಕ್ಷಿಣದ ಗುಡ್ಡ ಇದ್ದಕ್ಕಿದ್ದ ಹಾಗೆ ಎದ್ದು ಕೂತಿತಂತೆ. ಜ್ವಾಲಾಮುಖಿ. ಬೂದಿ, ಕಲ್ಲು, ಕೆಸರು ಬಂದು ರಾಜಧಾನಿಯ ಅಂಗಡಿ, ಆಫೀಸು, ಮನೆ, ಎಲ್ಲ ಮುಚ್ಚಿ ಹೋಯ್ತು. ವಿಮಾನ ನಿಲ್ದಾಣವೂ ಹೋಯ್ತು. ಅರ್ಧಕ್ಕಿಂತ ಜಾಸ್ತಿ ಜನ ದ್ವೀಪ ಬಿಟ್ರು, ಬಹಳಷ್ಟು ಮಂದಿ ಇಂಗ್ಲೆಂಡಿಗೆ. ಉಳಿದವರು ಉತ್ತರಕ್ಕೆ ಬಂದು ಸೇರಿದ್ರು. ಈಗಲೂ ದಕ್ಷಿಣದ ಕಡೆ ಸುಮ್ಮನೆ ಹೋಗ್ಲಿಕ್ಕೆ ಬಿಡೋದಿಲ್ಲ.

"ಈಗ ಎಷ್ಟು ಜನ ಸರ್?"

"ನಾಲ್ಕೈದು ಸಾವಿರ ಇರಬಹುದು."

ನಮ್ಮ ಗಲ್ಲಿಯಲ್ಲೇ ಅಷ್ಟು ಬ್ಯಾಚುಲರ್‌ಗಳು ಉಂಟಲ್ಲ ಅಂತ ಲೆಕ್ಕ ಹಾಕಿದೆ. "ಅಷ್ಟು ಜನಕ್ಕೆ ಸರಕಾರ ಯಾಕೆ ಸರ್? ನಮ್ಮ ಬಿಲ್ಡಿಂಗಿಗೆ ಒಬ್ಬ ಹಾರಿಸ್ ಇದ್ದಾನೆ, ಬಾಗಿಲು ಕಾಯುವವ. ಅವನೇ ಎಲ್ಲ ನೋಡ್ಕೊಳ್ತಾನೆ."

ಅವರಿಗೆ ಕೋಪ ಬರ್ಲಿಲ್ಲ. ದ್ವೀಪ ಇವತ್ತಿಗೂ ಬ್ರಿಟನ್ನಿನದ್ದು ಅಂದ್ರು. ಮೇಲೆ ರಾಜ, ರಾಜನ ಪರವಾಗಿ ಲಂಡನ್ನಿನಿಂದ ಬರುವ ಗವರ್ನರ್. ಊರಿನ ಕೆಲಸ ನೋಡ್ಲಿಕ್ಕೆ ಜನ ಓಟು ಹಾಕಿ ಆರಿಸುವ ಒಂಬತ್ತು ಮಂದಿ, ಅವರಲ್ಲೊಬ್ಬ ಪ್ರೀಮಿಯರ್, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. "ಪ್ರೀಮಿಯರ್ ಅಂಗಡಿಯಲ್ಲಿ ಬ್ರೆಡ್ ತಗೊಳ್ತಾ ಇರ್ತಾರೆ. ನಮ್ಮ ಅಜ್ಜಿ ಅಲ್ಲೇ ನಿಲ್ಲಿಸಿ ರಸ್ತೆ ಗುಂಡಿ ಯಾಕೆ ಮುಚ್ಚಿಲ್ಲ ಅಂತ ಕೇಳ್ತಿದ್ರು. ಬ್ರೆಡ್ ತಣ್ಣಗಾಗುವ ತನಕ ಬಿಡ್ತಿರ್ಲಿಲ್ಲ."

ನಮ್ಮ ಊರಿನ ಕಾರ್ಪೊರೇಟರ್ ಕಾರಿನ ಗ್ಲಾಸ್ ಇಳಿದದ್ದನ್ನ ನಾನು ಓಟಿನ ವಾರದಲ್ಲಿ ಮಾತ್ರ ನೋಡಿದ್ದು. ಆ ಅಜ್ಜಿ ಮೇಲೆ ನನಗೆ ಒಮ್ಮೆಲೆ ಪ್ರೀತಿ ಬಂತು.

ಸಿಗ್ನಲಿನಲ್ಲಿ ನಿಂತಾಗ ಫೋನ್ ತೆಗೆದು ಅವರ ಧ್ವಜ ತೋರಿಸಿದ್ರು. ನೀಲಿ ಬಟ್ಟೆ, ಮೂಲೆಯಲ್ಲಿ ಬ್ರಿಟಿಷ್ ಧ್ವಜ, ಇನ್ನೊಂದು ಕಡೆ ಹಸಿರು ಉಡುಪಿನ ಹೆಂಗಸು, ಕೈಯಲ್ಲಿ ದೊಡ್ಡ ತಂತಿ ವಾದ್ಯ. "ಓ! ಸರಸ್ವತಿ!" ಅಂದೆ.

"ಯಾರು?"

"ವಿದ್ಯೆಯ ದೇವಿ ಸರ್. ವೀಣೆ ಹಿಡ್ಕೊಂಡಿದ್ದಾಳಲ್ಲ."

ಅದು ವೀಣೆ ಅಲ್ಲ ಹಾರ್ಪ್, ಆ ಹೆಂಗಸು ಐರ್ಲೆಂಡಿನ ಗುರುತು ಅಂದ್ರು. ಹಿಂದೆ ಐರಿಶ್ ಜನ ಬಂದು ನೆಲೆ ಮಾಡಿದ್ರು, ತೋಟಕ್ಕೆ ಆಫ್ರಿಕಾದಿಂದ ಜನರನ್ನ ಗುಲಾಮರಾಗಿ ಹೊತ್ತು ತಂದ್ರು. ಈಗಿನವರು ಹೆಚ್ಚಾಗಿ ಆ ಆಫ್ರಿಕಾದವರ ಮಕ್ಕಳು ಮೊಮ್ಮಕ್ಕಳು, ಆದ್ರೆ ಹೆಸರು ಐರಿಶ್. ಐರಿಶರ ಹಬ್ಬದ ದಿನವೇ ಗುಲಾಮರು ದಂಗೆ ಏಳ್ಲಿಕ್ಕೆ ಹೊರಟಿದ್ರಂತೆ, ಹಾಗಾಗಿ ಆ ದಿನ ರಜೆ, ಎರಡನ್ನೂ ನೆನಪು ಮಾಡ್ಕೊಂಡು ಕುಣೀತಾರೆ. "ಆದ್ರೆ ನಿಮ್ಮ ಸರಸ್ವತಿಯೂ ಇರಲಿ" ಅಂತ ಸೇರಿಸಿದ್ರು. "ನಮ್ಮಲ್ಲಿ ಈಗ ಜಾಗ ಬೇಕಾದಷ್ಟು ಉಂಟು."

ಇಷ್ಟೆಲ್ಲ ಕೇಳಿದ ನಾನು ಬೌಲಿಂಗ್ ವಿಷಯ ಮಾತ್ರ ಎತ್ತಲಿಲ್ಲ. ದೊಡ್ಡವರ ಹತ್ತಿರ ಅವರ ಕಸುಬನ್ನ ಕೆದಕಬಾರದು ಅನ್ನುವ ಮರ್ಯಾದೆ ನನ್ನದು.

ಸಬ್ಹಾನಿನ ಗೋಡೌನುಗಳ ಹಿಂದಿನ ಖಾಲಿ ಜಾಗವೇ ನಮ್ಮ ಗ್ರೌಂಡು. ಟೇಪ್ ಸುತ್ತಿದ ಟೆನಿಸ್ ಬಾಲು, ಸ್ಟಂಪಿಗೆ ಸೋಡಾ ಬಾಟಲಿಯ ಪ್ಲಾಸ್ಟಿಕ್ ಕ್ರೇಟು. ಅವರು ಕಾರಿನಿಂದ ಇಳಿದು ಮೈ ನೆಟ್ಟಗೆ ಮಾಡಿದಾಗ, ಅವತ್ತೂ ನಮ್ಮ ಎದುರಾಳಿಗಳಾಗಿದ್ದ ಮಂಗಫ್‌ನವರ ನಗು ಒಮ್ಮೆಲೆ ನಿಂತಿತು. ಹಲ್ಲಿನ ಕಥೆ ಅಲ್ಲಿಗೂ ಮುಟ್ಟಿತ್ತು. ಅಣ್ಣ ನನ್ನ ಬೆನ್ನಿಗೆ ಗುದ್ದಿ, "ಭಾರಿ ಮನಶ್ಯಾನ್ನ ಹಿಡದೀ ತಮ್ಮಾ! ನೀನೂ ಇವತ್ತ ಹನ್ನೊಂದ್ರಾಗ ಅದೀ, ನಡಿ" ಅಂದ್ರು. ಫೈನ್ ಲೆಗ್ಗಿನಲ್ಲಿ ನಿಂತು ನಾನು ಎರಡು ಸಲ ಸುಮ್ಮನೆ ಡೈವ್ ಹೊಡೆದೆ, ಖುಷಿಗೆ.

ಮೊದಲ ಓವರ್ ನಮ್ಮ ಹೊಸ ಬೌಲರದ್ದೇ. ಅಣ್ಣ ಬಾಲ್ ಕೊಟ್ಟಾಗ ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ್ರು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಪಾಪ, ಹಿಂದೆ ಹಿಂದೆ ಹೋಗಿ ಲಾರಿ ನಿಲ್ಲಿಸುವ ಜಾಗದಿಂದ ಓಡಿ ಬಂದ್ರು. ಆ ಉದ್ದದ ಕಾಲುಗಳು, ಧೂಳು, ಗಾಳಿಯಲ್ಲಿ ತಿರುಗುವ ಕೈ! ಮಂಗಫ್ ಓಪನರ್ ಬಾಲ್ ಕೈ ಬಿಡುವ ಮೊದಲೇ ಹಿಂದಕ್ಕೆ ಸರಿದ, ಇನ್ನೂ ಸರಿದ, ಎಡವಿ ಹೋಗಿ ಕ್ರೇಟಿನ ಮೇಲೆ ಕೂತ. ಬಾಲ್ ಎಲ್ಲಿ ಹೋಯ್ತು ಅಂತೀರಾ? ನನ್ನ ತಲೆ ಮೇಲಿಂದ ಹಾದು ಗೋಡೌನಿನ ಶೀಟಿಗೆ ಧಡ್ ಅಂತ ಬಡೀತು. ಅಂಪೈರ್ ಮಂಗಫ್ ಟೀಮಿನವನೇ. ವೈಡ್ ಅಂತ ಎರಡೂ ಕೈ ಅಗಲ ಮಾಡಿದವ, ತಮ್ಮ ಓಪನರ್ ಕೂತ ಜಾಗ ನೋಡಿ ಒಂದು ಕೈ ಕೆಳಗಿಳಿಸಿ ಇನ್ನೊಂದರ ಬೆರಳು ಎತ್ತಿದ.

ಔಟ್! ನಾವು ಕುಣಿದದ್ದು ಎಂಥ, ಕಿರುಚಿದ್ದು ಎಂಥ! ಅಣ್ಣ ನನ್ನನ್ನ ಎತ್ತಿ ಒಂದು ಸುತ್ತು ತಿರುಗಿಸಿದ್ರು.

ಅಷ್ಟೇ. ಆ ಬೆಳಿಗ್ಗೆಯ ಸುಖ ಅಲ್ಲಿಗೆ ಮುಗೀತು. ಎರಡನೇ ಬಾಲ್ ಬಿದ್ದಲ್ಲೇ ಮಲಗಿತು. ಮೂರನೆಯದು ಅಂಪೈರನ ಸೊಂಟಕ್ಕೆ. ಮಂಗಫ್‌ನವರಿಗೆ ಗುಟ್ಟು ಗೊತ್ತಾಯ್ತು, ಆಮೇಲೆ ಬಾಲ್ ಹುಡುಕ್ಲಿಕ್ಕೆ ಪಕ್ಕದ ಕಂಪೌಂಡಿಗೆ ಹತ್ತಿ ಇಳಿದೇ ನನ್ನ ಅಂಗಿ ಹರೀತು. ಎಷ್ಟು ರನ್ ಹೋಯ್ತು ಅಂತ ಬರೆಯೋದಿಲ್ಲ, ಆ ಮನುಷ್ಯ ಈಗ ನನ್ನ ಗೆಳೆಯ. ಬ್ಯಾಟಿಂಗಿನಲ್ಲಾದ್ರೂ ಮಾನ ಉಳಿಸುವ ಅಂತ ಕೊನೆಗೆ ನಾನು ಇಳಿದೆ, ಎದುರಿನಿಂದ ಅಣ್ಣ "ಬ್ಯಾಡ! ಬ್ಯಾಡ!" ಅಂತ ಕೂಗ್ತಾ ಇದ್ರೂ ಓಡಿ, ಅಣ್ಣನನ್ನೇ ರನ್ ಔಟ್ ಮಾಡಿಸಿದೆ.

ಅಣ್ಣ ಬ್ಯಾಟ್ ಕೆಳಗಿಟ್ಟು ತಣ್ಣಗೆ ಕೇಳಿದ್ರು, "ತಮ್ಮಾ, ಇವ್ರಿಗೆ ಬೌಲಿಂಗ್ ಬರ್ತದ ಅಂತ ನಿಂಗ ಯಾರು ಹೇಳಿದ್ರು?"

ನಾನು ನೆಲ ನೋಡಿದೆ. "ಯಾರೂ ಹೇಳ್ಲಿಲ್ಲ ಅಣ್ಣಾ. ವೆಸ್ಟ್ ಇಂಡೀಸ್ ಅಲ್ವಾ..."

"ನೀ ಇಂಡಿಯಾದಾಂವ ಅಲ್ಲೇನು? ನಿಂಗ ಬ್ಯಾಟಿಂಗ್ ಬರ್ತದೇನು?"

ನಾನು ಹರಿದ ಅಂಗಿಯ ತುಂಡನ್ನ ಪ್ಯಾಂಟಿನೊಳಗೆ ಸಿಕ್ಕಿಸ್ಕೊಂಡೆ. ಏನು ನಡೀತಿದೆ ಅಂತ ಸೇಫ್ಟಿ ಆಫೀಸರ್ ಕೇಳಿದಾಗ ಎಲ್ಲ ಹೇಳಿ ಕೈ ಮುಗಿದೆ. ಅವರು ಮರಳಿನಲ್ಲಿ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ರು. ಆಮೇಲೆ ಹೇಳಿದ್ರು, "ನಾನು ನಮ್ಮ ಹಳ್ಳಿಯ ಟೀಮಿಗೆ ಆಡಿದ್ದು ನಿಜ. ಚೆನ್ನಾಗಿ ಆಡುವವರೆಲ್ಲ ಇಂಗ್ಲೆಂಡಿಗೆ ಹೋಗಿದ್ರು. ನಮ್ಮ ಗ್ರೌಂಡು ಬೂದಿ ಅಡಿಯಲ್ಲಿ. ಉತ್ತರದಲ್ಲಿ ಒಂದು ತುಂಡು ಜಾಗ ಸಿಕ್ತು, ಯಾರು ಬಂದ್ರೂ ಟೀಮಿಗೆ ಸೇರಿಸ್ತಿದ್ರು. ನನ್ನನ್ನ ಸೆಲೆಕ್ಟ್ ಮಾಡಿದ್ದು ಜ್ವಾಲಾಮುಖಿ ಮಾರಾಯ."

"ಮತ್ತೆ ನಾನು ಕರೆದಾಗ ಯಾಕೆ ಬಂದ್ರಿ ಸರ್?"

"ಕುವೈತಿಗೆ ಬಂದ ಮೇಲೆ ಶುಕ್ರವಾರ ನನ್ನನ್ನ ಎಲ್ಲಿಗಾದ್ರೂ ಕರೆದದ್ದು ನೀನೊಬ್ಬನೇ. ಈಜ್ಲಿಕ್ಕೆ ಕರೆದಿದ್ರೂ ಬರ್ತಿದ್ದೆ. ಈಜು ಬರೋದಿಲ್ಲ."

ದ್ವೀಪದವರಿಗೆ ಈಜು ಬರೋದಿಲ್ವಾ ಅಂತ ಕೇಳ್ಲಿಕ್ಕೆ ಬಾಯಿ ತೆರೆದವ, ಬೆಳಗಿನ ಪಾಠ ನೆನಪಾಗಿ ಮುಚ್ಕೊಂಡೆ.

ಆಮೇಲೆ ಅವರು ಪಾತ್ರೆ ಬಿಚ್ಚಿದ್ರು. ಆಡಿನ ಮಾಂಸದ ತೆಳು ಸಾರು, ಲವಂಗದ ಘಮ ಗೋಡೌನಿನ ಆ ತುದಿಯ ತನಕ. ಅವರಲ್ಲಿ ಮದುವೆಗೆ, ಸಾವಿಗೆ, ಹಬ್ಬಕ್ಕೆ ಎಲ್ಲದಕ್ಕೂ ಇದೇ ಅಂತೆ, ಪಾತ್ರೆ ಇಟ್ಟ ಮೇಲೆ ಯಾರು ಬಂದ್ರೂ ಒಂದು ಬಟ್ಟಲು ಕೊಡ್ಬೇಕಂತೆ. ಮಂಗಫ್‌ನವರನ್ನೂ ಅವರೇ ಕರೆದು ಕೂರಿಸಿದ್ರು. ಕ್ರೇಟಿನ ಮೇಲೆ ಬಿದ್ದ ಓಪನರ್ ಮೂರು ಸಲ ಹಾಕಿಸ್ಕೊಂಡ. ನಾವೆಲ್ಲ ಕುಬೂಸ್ ರೊಟ್ಟಿ ಅದ್ದಿ ಅದ್ದಿ ತಿಂದ್ವಿ. ಅಣ್ಣ ಬಟ್ಟಲು ಎತ್ತಿ ಕುಡಿದು, ಆಮೇಲೆ ಅವರ ಪಕ್ಕ ಹೋಗಿ ಕೂತು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಏನೋ ಮಾತಾಡಿದ್ರು. ನನ್ನ ಕಡೆ ಮಾತ್ರ ತಿರುಗಿಯೂ ನೋಡ್ಲಿಲ್ಲ.

ಸೇಫ್ಟಿ ಆಫೀಸರನ್ನ ವಾಪಸ್ ಮನೆಗೆ ಬಿಡ್ಲಿಕ್ಕೆ ಹೋಗುವಾಗ, ಮಂಗಫ್ ಹತ್ತಿರ ಬಂದ ಹಾಗೆ ರಿಫೈನರಿ ಕಡೆಯಿಂದ ಕೊಳೆತ ಮೊಟ್ಟೆ ವಾಸನೆಯ ಗಾಳಿ. ನಾನು ಗ್ಲಾಸ್ ಏರಿಸಿದೆ. ಅವರು ತಮ್ಮ ಕಡೆಯದನ್ನ ಇಳಿಸಿದ್ರು.

"ನಮ್ಮ ಗುಡ್ಡವೂ ಹೀಗೇ ನಾರ್ತದೆ" ಅಂದ್ರು. ಅಮ್ಮ ಮಾಡಿದ ಅಡುಗೆಯ ವಾಸನೆ ಹೀರುವವರ ಹಾಗೆ ಹೀರಿದ್ರು. ನಾನೂ ನನ್ನ ಗ್ಲಾಸ್ ಇಳಿಸಿ ಮೂಗು ಹಿಡಿಯದೆ ಕೂತೆ. ನನ್ನ ಜೀವಮಾನದ ಸಾಹಸ ಅದು.

ಮರುದಿನ ಬೆಳಿಗ್ಗೆಯಿಂದ ಟೀಮಿನ ಗ್ರೂಪಿನಲ್ಲಿ ಒಂದು ಮೆಸೇಜೂ ಇಲ್ಲ. ನನ್ನ ಜಾಗ ಹೋಯ್ತು, ಬಹುಶಃ ಗ್ರೂಪಿನಿಂದಲೂ ತೆಗೀತಾರೆ ಅಂತ ತಯಾರಾಗಿದ್ದೆ. ಮಧ್ಯಾಹ್ನ ಅಣ್ಣನ ಫೋನ್ ಬಂತು.

"ತಮ್ಮಾ, ಆ ಮನಶ್ಯಾ ನಿನ್ನ ಬಗ್ಗೆ ಏನಂದ್ರು ಗೊತ್ತೇನು? ಆ ಹುಡುಗನ್ನ ಬಿಡಬ್ಯಾಡ್ರಿ, ನಮ್ಮ ದ್ವೀಪದಾಗ ಇದ್ದಿದ್ರ ಅಂವನ್ನ ಕ್ಯಾಪ್ಟನ್ ಮಾಡ್ತಿದ್ವಿ ಅಂದ್ರು. ನಿನ್ನ ಕ್ಯಾಪ್ಟನ್ ಮಾಡೋ ಮಟ್ಟಕ್ಕ ಬಂದಿದ್ರಂದ್ರ ಆ ಊರಾಗ ಎಷ್ಟು ಮಂದಿ ಉಳದಿದ್ರೋ ಪಾಪ, ನಂಗ ರಾತ್ರಿ ನಿದ್ದಿ ಬರಲಿಲ್ಲ. ಶುಕ್ರವಾರ ಅವ್ರನ್ನ ಕರಕೊಂಡು ಬಾ. ನೀನೂ ಬಾ. ಆಡಾಕ ಬಾ."