ಆಲೆಮನೆಯೊಳಗೆ ಚಪ್ಪಲಿ

ಕಿರುಗಾವಲಿನ ಹತ್ತಿರವಿರುವ ನಮ್ಮ ಆಲೆಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಬೆಲ್ಲವಾಗುವ ಜಾಗ ಲಕ್ಷ್ಮಿಯದು ಎನ್ನುವುದು ದೊಡ್ಡಪ್ಪನ ಕಟ್ಟಳೆ. ಬರಿಗಾಲಲ್ಲೇ ಕೊಪ್ಪರಿಗೆ ಮುಂದೆ ನಿಂತು ನನ್ನ ಅರ್ಧ ಆಯಸ್ಸು ಕಳೆಯಿತು. ಸಕ್ಕರೆ ಕಾಯಿಲೆ ದೊಡ್ಡಪ್ಪನಿಗೆ ಮೊದಲು ಬಂತು, ಆಮೇಲೆ ನನಗೆ. ಬೆಲ್ಲ ಮಾಡುವವರಿಗೆ ಸಕ್ಕರೆ ಕಾಯಿಲೆ ಎಂದು ಊರವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಒಂದು ಸಂಜೆ ಹೆಂಡತಿ ಪಡಸಾಲೆಯ ನೆಲ ತೋರಿಸಿದಳು. ಬಾಗಿಲಿಂದ ಒಳಗಿನವರೆಗೆ ಸಾಲಾಗಿ ರಕ್ತದ ಕಲೆ.

"ಇದ್ಯಾರ ಕಾಲ್ದು?"

ನಾನು ಮಕ್ಕಳ ಕಾಲು ನೋಡಿದೆ, ಅವಳದ್ದೂ ನೋಡಿದೆ. ಕಡೆಗೆ ನೋಡಿದರೆ ನನ್ನದೇ. ಒಲೆಯ ಕೆಂಡ ತುಳಿದು ಹೆಬ್ಬೆರಳ ಕೆಳಗೆ ಗಾಯವಾಗಿತ್ತು. "ನೋವೇ ಇಲ್ಲ, ಬುಡು" ಎಂದೆ. ಅವಳು ಬಿಡಲಿಲ್ಲ. ಮರುದಿನವೇ ಮಳವಳ್ಳಿಯ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿನ ನರ್ಸಮ್ಮ ಒಂದು ನೈಲಾನ್ ಎಳೆಯನ್ನು ನನ್ನ ಪಾದದ ಹತ್ತಿರ ಹಿಡಿದು, "ಕಣ್ ಮುಚ್ಕೊಳಿ. ತಾಕ್ದಾಗೆಲ್ಲ ಹೂಂ ಅನ್ನಿ" ಎಂದರು. ಏನೂ ತಾಕಲಿಲ್ಲ. ಆದರೂ ಸೋಲುವ ಜಾಯಮಾನ ನನ್ನದಲ್ಲ. ಅಂದಾಜಿನ ಮೇಲೆ ಹೂಂ, ಹೂಂ ಎನ್ನುತ್ತಲೇ ಹೋದೆ.

"ನಾನು ಎಳೆ ಕೆಳಗಿಟ್ಟು ಒಸಿ ಹೊತ್ತಾಯ್ತು ಕಣಣ್ಣ."

ಹೆಂಡತಿ ನಗಲಿಲ್ಲ. ಸಕ್ಕರೆ ಕಾಯಿಲೆಗೆ ಪಾದ ಮರಗಟ್ಟಿದೆ, ಗಾಯ ಹೀಗೇ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು, ಆಮೇಲೆ ಕಾಲು ಎಂದು ಡಾಕ್ಟರು ಹೇಳಿದಾಗ ನಿಜವಾಗಿಯೂ ಹೆದರಿದೆ. ಸತ್ತ ಚರ್ಮ ಕತ್ತರಿಸಿದರು, ಪಟ್ಟಿ ಕಟ್ಟಿದರು, ಆ ಕಾಲೂರಬೇಡ ಎಂದರು. ಗಾಯ ಮಾಗುವವರೆಗೆ ಜಗಲಿಯಲ್ಲಿ ಕೂತು ಕಂಡಕಂಡವರ ಮೇಲೆ ರೇಗಿದೆ. ಬೆರಳು ಉಳಿಯಿತು.

ಆಮೇಲೆ ಡಾಕ್ಟರು ಹೇಳಿದಂಥ, ಮುಂಭಾಗ ಮುಚ್ಚಿದ, ಮೆತ್ತನೆ ಅಟ್ಟೆಯ ಚಪ್ಪಲಿ ಹಾಕಿಕೊಂಡು ಸೀದಾ ಆಲೆಮನೆಗೆ ನುಗ್ಗಿದೆ. ಗಾಣದ ಹತ್ತಿರವಿದ್ದ ದೊಡ್ಡಪ್ಪ ಕೂಗಿದ.

"ಲೇ, ಮೆಟ್ಟು ಬುಟ್ಟು ಬಾರ್ಲಾ! ಲಕ್ಷ್ಮಿ ಎದ್ದು ಓಯ್ತಾಳೆ!"

"ಓಗ್ಲಿ ಬುಡು ದೊಡ್ಡಪ್ಪ. ಓದೋಳ್ನ ಕರ್ಕಬರಕ್ಕಾದ್ರೂ ನಂಗೆ ಕಾಲು ಬ್ಯಾಡ್ವಾ?"

ಕೆಲಸದವರು ಬಾಯಿ ಮುಚ್ಚಿಕೊಂಡು ನಕ್ಕರು. ದೊಡ್ಡಪ್ಪ ಬಯ್ಯುತ್ತಲೇ ನನ್ನತ್ತ ನಡೆದು ಬಂದ. ಅವನು ದಾಟಿ ಬಂದ ಕಬ್ಬಿನ ಸಿಪ್ಪೆಯ ಮೇಲೆ ಅಲ್ಲಲ್ಲಿ ಕೆಂಪು ಕಂಡಿತು. ಅವನನ್ನು ದಿಮ್ಮಿಯ ಮೇಲೆ ಕೂರಿಸಿ ಪಾದ ಎತ್ತಿ ನೋಡಿದೆ. ಹಿಮ್ಮಡಿಯೊಳಗೆ ಬೆರಳುದ್ದದ ಕಬ್ಬಿನ ಸಿಬಿರು ಮುರಿದು ಕೂತಿತ್ತು.

"ಯಾಕ್ಲಾ ಹಂಗ್ ನೋಡೀಯೆ?" ಎಂದ ದೊಡ್ಡಪ್ಪ. "ಏನೈತೆ ಅಲ್ಲಿ?"