ಆಲ್ತಾರಿನ ಹಿಂದಿನ ಪ್ಲಗ್

ವಾಮಂಜೂರಿನ ಝೇವಿಯರ್ ಸಿಗರೇಟು ಬಿಟ್ಟದ್ದು ವಾಳೆಗೆಲ್ಲ, ಅಂದರೆ ಚರ್ಚಿನ ಆ ವಾರ್ಡಿನ ಮನೆಗಳಿಗೆಲ್ಲ, ಗೊತ್ತಿದ್ದ ಸುದ್ದಿ. ಕುವೈತಿನಲ್ಲಿ ದುಡಿದು ಬಂದವನು, ಈಗ ಆ ವಾಳೆಗೆ ಗುರಿಕಾರ, ಮನೆಮನೆಯ ಪ್ರಾರ್ಥನೆಗೆ ಮುಂದೆ ನಿಲ್ಲುವ ಮನುಷ್ಯ. ಎದೆಯ ಆಪರೇಷನ್ ಆದಾಗ "ಇನ್ನು ಮುಟ್ಟುವುದಿಲ್ಲ" ಎಂದು ಹೆಂಡತಿ ಬೆನಿಟಾಳ ಕೈ ಹಿಡಿದು ಹೇಳಿದ್ದ. ಅದೇ ದಿನ ಅವಳು ಹರಕೆ ಹೊತ್ತು ಮೀನು ಬಿಟ್ಟಳು. ಮೀನಿಲ್ಲದೆ ಅನ್ನ ಇಳಿಯದ ಹೆಂಗಸು, ಗಂಡನಿಗೆ ಬಂಗುಡೆ ಪುಳಿಮುಂಚಿ ಬಡಿಸಿ ತಾನು ಉಪ್ಪಿನಕಾಯಿಯಲ್ಲಿ ಉಂಡಳು.

ಈ ಮಹಾಶಯ ಬಿಟ್ಟದ್ದು ಸಿಗರೇಟನ್ನು ಮಾತ್ರ. ದುಬೈಯಲ್ಲಿದ್ದ ತಂಗಿಯ ಮಗ ಗೇವಿನ್‌ನಿಂದ ಗುಟ್ಟಾಗಿ ಒಂದು ವೇಪ್, ಅಂದರೆ ಬ್ಯಾಟರಿಯ ಸಿಗರೇಟು, ತರಿಸಿಕೊಂಡ. ಈ ದೇಶದಲ್ಲಿ ನಿಷೇಧವಾದ ವಸ್ತು, ಅದೂ ಗುರಿಕಾರನ ಕಿಸೆಯಲ್ಲಿ.

"ಎರಡು ವರ್ಷಕ್ಕೆ ಎಂತ ಆಗುವುದಿಲ್ಲ ಮಾಮಾ. ಆದರೆ ಇಡೀ ದಿನ ಚಾರ್ಜಿಗೆ ಹಾಕಿ ಬಿಡಬೇಡಿ. ಬಿಸಿಗೆ ಬ್ಯಾಟರಿ ಬೇಗ ಹೋಗ್ತದೆ," ಎಂದು ಗೇವಿನ್ ಹೇಳಿಯೇ ಕೊಟ್ಟಿದ್ದ.

ಆದರೆ ಕದ್ದು ಮಾಡುವವನಿಗೆ ಬೇಕಾದಾಗ ತೆಗೆಯುವ ಭಾಗ್ಯ ಎಲ್ಲಿ? ಯಾರೂ ಇಣುಕದ ಪ್ಲಗ್ ಆ ಮನೆಯಲ್ಲಿ ಒಂದೇ ಎಂದು ಅವನ ಲೆಕ್ಕ: ಆಲ್ತಾರಿನ, ದೇವರ ಪೀಠದ, ಹಿಂದಿನದು. ಯೇಸುವಿನ ಪಟದ ಕೆಂಪು ದೀಪದ ವಯರಿನ ಪಕ್ಕದಲ್ಲೇ ಆ ವೇಪ್ ಹಗಲಿಡೀ ಬಿಸಿಯಾಗುತ್ತ ಕೂತಿತು. ಒಮ್ಮೆ ತುಂಬಿದರೆ ಎರಡು ದಿನ ಬರುತ್ತಿದ್ದದ್ದು ವರ್ಷ ತುಂಬುವ ಮೊದಲೇ ನಾಲ್ಕು ದಮ್ಮಿಗೆ ಸುಸ್ತಾಗತೊಡಗಿತು. ಚಾರ್ಜಿಗೆ ಹಾಕಿದರೂ ತುಂಬದೆ ಮಿಣುಕುತ್ತಿತ್ತು. ಇವನು ಗೇವಿನ್‌ಗೆ ಫೋನ್ ಮಾಡಿ ಹೊಸದು ತರಲು ಹೇಳಿದ.

ವಾಳೆಯ ಪ್ರಾರ್ಥನೆ ಅವರದೇ ಮನೆಗೆ ಬಂದ ಸಂಜೆ, ಅದನ್ನು ತೆಗೆದಿಡಲು ಮರೆತ. ಝೇವಿಯರ್ ಮೊಣಕಾಲೂರಿ ಜಪಸರ ಹೇಳಿಸುತ್ತಿದ್ದ. ಪಟದ ಹಿಂದಿನ ಗೋಡೆಯಲ್ಲಿ ನೀಲಿ ಬೆಳಕು ಮಿಣಮಿಣ ಎನ್ನುತ್ತಿತ್ತು. ಜಪ ಮುಗಿದದ್ದೇ ಪಕ್ಕದ ಮನೆಯ ಲವಿನಾ, "ಅಲ್ಲಿ ಎಂತ ಉಂಟು, ಮಿಂಚುವುದು?" ಎಂದಳು.

ಝೇವಿಯರ್ ಜಪಸರವನ್ನು ಕಿಸೆಗೆ ತುರುಕಿದ.

"ಸೊಳ್ಳೆಯ ಮೆಷಿನ್, ಹಾಳಾಗಿದೆ," ಎಂದಳು ಬೆನಿಟಾ, ಆಲ್ತಾರಿನ ಎದುರೇ ನಿಂತು. ಮಕ್ಕಳಿಗೆ ಸಹ ಸುಳ್ಳು ಹೇಳಿದವಳಲ್ಲ ಅವಳು. ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ ಅನ್ನಿಸಿತು ಝೇವಿಯರ್‌ಗೆ.

ಎಲ್ಲರೂ ಹೋದ ಮೇಲೆ ಅವಳು ಅವನ ಬಟ್ಟಲಿಗೆ ಬಂಗುಡೆ ಬಡಿಸಿದಳು. ಅವನು ಬಟ್ಟಲನ್ನು ಅತ್ತ ಸರಿಸಿದ.

"ನಿನಗೆ ಯಾವಾಗಿನಿಂದ ಗೊತ್ತು?"

"ಆಲ್ತಾರಿನ ಧೂಳು ದಿನಾ ಒರೆಸುವುದು ಯಾರು?"

ಇಷ್ಟು ಕಾಲ ಅದು ಅವನಿಗೆ ಹೊಳೆದೇ ಇರಲಿಲ್ಲ.

"ಮತ್ತೆ ಮೀನು ಯಾಕೆ ತಿನ್ನಲಿಲ್ಲ?"

"ಮೊದಲು ನೀವು ಬಿಟ್ಟಿರಿ ಅಂತ ಹರಕೆ. ಆಮೇಲೆ ನೀವು ಬಿಡುವವರೆಗೆ ಅಂತ." ಅವಳು ಅನ್ನ ಹಾಕಿಕೊಂಡಳು. "ಅದರ ಬ್ಯಾಟರಿ ಹೋಯಿತಲ್ಲ. ಇನ್ನೊಂದಕ್ಕೆ ಹೇಳಿದ್ದೀರಾ?"

"ಕ್ರಿಸ್ಮಸ್ಸಿಗೆ ಗೇವಿನ್ ತರ್ತಾನೆ," ಎಂದ.

ಬೆನಿಟಾ ಉಪ್ಪಿನಕಾಯಿಯ ಭರಣಿಯನ್ನು ತನ್ನ ಕಡೆಗೆ ಎಳೆದುಕೊಂಡಳು.