ತಾತನನ್ನು ಹುಡುಕಿಕೊಟ್ಟ ರೇಡಿಯೊ

ಗೊರೇಬಾಳದಲ್ಲಿ ಆಗ ಸಂಜೆಯಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಗೋಡೆಯ ಮಾಡದಲ್ಲಿಟ್ಟ ರೇಡಿಯೊದಿಂದ ಶಾಂತಕ್ಕನ ದನಿ ಬಂದರೆ ಸಂಜೆ. "ಯಣ್ಣಾ, ಯಕ್ಕಾ, ಹೊಲದಿಂದ ಬಂದ್ರೇನು? ಕೈಕಾಲು ತೊಳ್ಕೊಂಡು ಕುಂದರ್ರಿ" ಎಂದು ಅವಳು ಶುರುಮಾಡುತ್ತಿದ್ದಳು. ಕಟ್ಟೆಯ ಮೇಲೆ ಗಜ್ಜುಗ ಆಡುತ್ತಿದ್ದ ನಾವು ಹುಡುಗಿಯರು ಕೈ ತಡೆದು ಕೇಳುತ್ತಿದ್ದೆವು. ಒಳಗಿನಿಂದ ಪುಂಡಿಪಲ್ಯದ ಹುಳಿವಾಸನೆ, ಹೊರಗಿನಿಂದ ಕಾಲುವೆ ನೀರು ನಿಂತ ಗದ್ದೆಯ ಕೆಸರಿನ ವಾಸನೆ. ಯಾವ ಕಾಲುವೆಗೆ ನೀರು ಬಿಟ್ಟರು, ಲಿಂಗಸುಗೂರಿನ ಯಾವ ಬಸ್ಸು ನಿಂತಿತು, ವಳಕಮದಿನ್ನಿಯಲ್ಲಿ ಯಾರ ಎಮ್ಮೆ ತಪ್ಪಿಸಿಕೊಂಡಿತು, ಎಲ್ಲವೂ ಅವಳ ಬಾಯಿಂದಲೇ ನಮಗೆ ಗೊತ್ತಾಗಬೇಕು.

ನಮ್ಮ ತಾತ ಅವಳ ಮಾತಿಗೆ ಎದುರು ಮಾತಾಡುತ್ತಿದ್ದ. "ಹೂಂ, ಕುಂತೀನಿ, ಹೇಳು" ಎನ್ನುತ್ತಿದ್ದ. ಅವನಿಗೆ ಆಗಲೇ ಮರೆವು ಬಂದಿತ್ತು. ಅವ್ವನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದ. ತನ್ನ ಹೆಸರನ್ನೂ ಮರೆತಿದ್ದ.

ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಲಿಂಗಸುಗೂರಿನಲ್ಲಿ ಬಸುರಿಯಾಗಿದ್ದ ಚಿಗವ್ವನ ಕುಬಸವಿತ್ತು. ಅವ್ವ ನನ್ನನ್ನೂ ತಾತನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಮಸ್ಕಿ ಬರುವಷ್ಟರಲ್ಲಿ ನನಗೆ ವಾಂತಿಯಾಯಿತು. ಬಸ್ಸು ನಿಂತಾಗ ಅವ್ವ, "ಇಲ್ಲೇ ಕುಂದ್ರು ಮಾವಾ, ಹುಡುಗಿ ಮುಖ ತೊಳಿಸ್ಕೊಂಡು ಬರ್ತೀನಿ" ಎಂದು ನನ್ನನ್ನು ಇಳಿಸಿದಳು. ವಾಪಸು ಬರುವುದರೊಳಗೆ ಬಸ್ಸು ತುಂಬಿಹೋಗಿತ್ತು. ಹಿಂದಿನಿಂದ ನುಗ್ಗಿ ಒಳಗೆ ನಿಂತೆವು. ಮುಂದೆ ತಾತನ ಬಿಳಿ ರುಮಾಲು ಕಾಣುತ್ತಿತ್ತು. ಲಿಂಗಸುಗೂರಿನಲ್ಲಿ ಇಳಿದು ನೋಡಿದರೆ ಆ ರುಮಾಲಿನ ಕೆಳಗೆ ಬೇರೆ ಯಾರದೋ ಮುಖ.

ಮಸ್ಕಿಯ ಬಸ್‌ಸ್ಟ್ಯಾಂಡು, ಹೋಟೆಲುಗಳು, ಗುಡ್ಡದ ಮೇಲಿನ ಗುಡಿ, ಎಲ್ಲಾ ಕಡೆ ಅಪ್ಪ ಮತ್ತು ಓಣಿಯವರು ಹುಡುಕಿದರು. ಪೊಲೀಸರಿಗೂ ಹೇಳಿದರು. ತಾತ ಸಿಗಲಿಲ್ಲ. "ಮುದುಕನ ಕೈ ಹಿಡ್ಕೊಂಡು ಹೋಗಾಕ ಆಗಲಿಲ್ಲೇನು ನಿನಗ?" ಎಂದು ಸೋದರತ್ತೆ ಅಂದಳು. ಅವ್ವ ಅವತ್ತಿನಿಂದ ಊಟ ಬಿಟ್ಟಳು. ದನದ ಕೊಟ್ಟಿಗೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುವುದನ್ನು ನೋಡಿ ನಾನು ಹಿಂದಕ್ಕೆ ಬಂದೆ. ನನಗೆ ವಾಂತಿಯಾಗದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಾನೂ ಒಳಗೊಳಗೇ ನರಳುತ್ತಿದ್ದೆ.

ಕೊನೆಗೆ ಅಪ್ಪ ರೇಡಿಯೊ ಕೇಂದ್ರಕ್ಕೇ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಶಾಂತಕ್ಕ ತಾನೇ ಹೊರಗೆ ಬಂದು ನೀರು ಕೊಟ್ಟಳಂತೆ.

"ತಾತ ಹೆಸರು ಹೇಳ್ತಾರೇನ್ರೀ?"

"ಇಲ್ರೀ, ಮರ್ತಾನ."

"ಮತ್ತ ಏನು ನೆನಪೈತ್ರಿ ಅವರಿಗೆ?"

ಅಪ್ಪ ಹೇಳಿದ: "ಎತ್ತು ನೆನಪದಾವ್ರಿ. ಕೆಂದ, ಹಂಡ ಅಂತ. ಅವು ಸತ್ತು ಭಾಳ ದಿನ ಆತು."

ಆ ಸಂಜೆ ನಮ್ಮ ಅಂಗಳ ತುಂಬ ಜನ. ಶಾಂತಕ್ಕ ಭತ್ತದ ಧಾರಣೆಯನ್ನು ಪಕ್ಕಕ್ಕಿಟ್ಟು ಮೊದಲು ಇದನ್ನೇ ಎತ್ತಿಕೊಂಡಳು.

"ಮಸ್ಕಿ ಸುತ್ತ ಕುರಿ ಕಾಯೋ ಅಣ್ಣಗೋಳ, ಚೂರು ಕೇಳ್ರಿ. ಗೊರೇಬಾಳದ ತಾತ ಒಬ್ಬಾಂವ ದಾರಿ ತಪ್ಯಾನ. ಹೆಸರು ಕೇಳಿದ್ರ ಹೇಳಂಗಿಲ್ಲ, ಬೈಬ್ಯಾಡ್ರಿ. ಕೆಂದ ಎಲ್ಲದಾನ, ಹಂಡ ಎಲ್ಲದಾನ ಅಂತ ಕೇಳ್ರಿ. ಮುಖ ಅರಳಿತು ಅಂದ್ರ ಅವನೇ ನಮ್ಮ ತಾತ."

ನಮ್ಮ ತಾತ ಅಂದಳು. ಅದನ್ನು ಕೇಳಿ ಅವ್ವ ಎಲ್ಲರೆದುರೇ ಅತ್ತುಬಿಟ್ಟಳು.

ಮರುದಿನ ಮಧ್ಯಾಹ್ನ ಹಟ್ಟಿ ಊರ ಕಡೆಯ ಕುರಿಗಾರ ಹನುಮಪ್ಪ ತಾತನ ಕೈ ಹಿಡಿದುಕೊಂಡು ಬಸ್ಸಿನಿಂದ ಇಳಿದ. ತಾತನ ಹೆಗಲ ಮೇಲೆ ಹನುಮಪ್ಪನ ಕಂಬಳಿ.

"ಕುರಿ ದೊಡ್ಡ್ಯಾಗ ಬಂದು ಕುಂತಿದ್ದ ರೀ. ರೊಟ್ಟಿ ಕೊಟ್ರ ತಿಂತಿದ್ದ, ಮಾತಿಲ್ಲ" ಎಂದ ಹನುಮಪ್ಪ. "ನಿನ್ನೆ ರೇಡಿಯೊದಾಗ ಅಕ್ಕ ಹೇಳಿದ್ದು ಕೇಳಿ, ತಾತಾ, ಕೆಂದ ಎಲ್ಲದಾನ ಅಂದೆ. ನೀರು ಕುಡಿಯಾಕ ಹೋಗ್ಯಾನ, ಬರ್ತಾನ ಅಂದ."

ತಾತ ಅವ್ವನ ಮುಖವನ್ನೇ ನೋಡಿದ. "ನಂದು ಊಟ ಆತು. ನೀ ಉಂಡೇನವ್ವಾ?" ಎಂದು ಕೇಳಿದ. ಅವ್ವ ಹನುಮಪ್ಪನಿಗೆ ಬಡಿಸಿ, ತಾತನಿಗೆ ಬಡಿಸಿ, ತಾನೂ ಅಲ್ಲೇ ಕೂತು ಉಂಡಳು.

ಸಂಜೆ ಶಾಂತಕ್ಕ, ಗೊರೇಬಾಳದ ತಾತ ಮನೆ ಸೇರಿದನೆಂದು ಹೇಳಿದಳು. ತಾತ ಕಿವಿಗೊಟ್ಟು ಕೇಳಿ, "ಯಾರೋ ಪಾಪ, ಮನಿ ಸೇರ್ಯಾನಂತ. ಚಲೋ ಆತು" ಎಂದ.

ಕೆಲವು ವರ್ಷಕ್ಕೆ ತಾತ ತೀರಿಕೊಂಡ. ಶಾಂತಕ್ಕ ನಿವೃತ್ತಳಾದಳೆಂದು ಕೇಳಿದೆ. ನಾನು ಮದುವೆಯಾಗಿ ಸೇರಿದ ಪಟ್ಟಣಕ್ಕೆ ಎಷ್ಟೋ ವರ್ಷಗಳ ಮೇಲೆ ಒಂದು ಎಫ್‌ಎಂ ಬಂತು. ಮೊದಮೊದಲು ನಮ್ಮ ಕಡೆಯ ಹುಡುಗ ಹುಡುಗಿಯರೇ ಮಾತಾಡುತ್ತಿದ್ದರು. ಯಾರಿಗೆ ರಕ್ತ ಬೇಕು, ಯಾವ ದಾರಿ ಬಂದ್ ಆಗಿದೆ ಎಂದು ಹೇಳುತ್ತಿದ್ದರು. ಆಮೇಲೆ ಅದನ್ನು ದೂರದ ದೊಡ್ಡ ಕಂಪನಿಯೊಂದು ಕೊಂಡಿತು. ಗುರುತಿನ ದನಿಗಳು ಒಂದೊಂದಾಗಿ ನಿಂತುಹೋದವು. ಈಗ ಬರುವ ಹಾಡು, ಜೋಕು, ಜಾಹೀರಾತು ಎಲ್ಲಾ ಊರಿಗೂ ಒಂದೇ.

ಹೋದ ಸುಗ್ಗಿಯಲ್ಲಿ ಅಕಾಲದ ಮಳೆ ಬಂತು. ರಸ್ತೆಯುದ್ದಕ್ಕೂ ಒಣಹಾಕಿದ ಭತ್ತ ನೆನೆಯುತ್ತಿತ್ತು, ಜನ ತಾಡಪಾಲು ಹಿಡಿದು ಓಡುತ್ತಿದ್ದರು. ರೇಡಿಯೊದ ಹುಡುಗಿ ಮಾತ್ರ, ಎಂಥಾ ಬಿಸಿಲು ಫ್ರೆಂಡ್ಸ್, ಐಸ್‌ಕ್ರೀಂ ತಿನ್ನೋಣ ಎನ್ನುತ್ತಿದ್ದಳು. ತಡೆಯಲಾರದೆ ಅವರ ಆಫೀಸಿಗೆ ಫೋನು ಮಾಡಿದೆ. ಒಬ್ಬ ಹುಡುಗ ಎತ್ತಿದ.

"ಅದೆಲ್ಲಾ ಕಂಪನಿಯ ದೊಡ್ಡ ಆಫೀಸಿಂದ ರೆಕಾರ್ಡ್ ಆಗಿ ಬರ್ತೈತ್ರೀ ಅಕ್ಕಾ. ಇಲ್ಲಿ ಮಷೀನು ನೋಡ್ಕೊಳ್ಳಾಕ ನಾ ಒಬ್ಬಾಂವ ಅದೀನಿ. ನಂದೂ ಇಲ್ಲೇ ಸಿಂಧನೂರು ಕಡೀನೇ ರೀ. ನಮ್ಮ ಭತ್ತಾನೂ ನೆನ್ಯಾಕತ್ತೈತಿ."

"ಹಂಗಾರ ನೀನೇ ಹೇಳಪಾ, ಮಳಿ ಬರಾಕತ್ತೈತಿ ಅಂತ. ಮುಂದಿನ ಊರಿನವ್ರಾದ್ರೂ ಭತ್ತ ಮುಚ್ಕೋತಾರ."



"ಹೇಳತಿದ್ದೆ ರೀ ಅಕ್ಕಾ" ಎಂದ. "ಇಲ್ಲಿದ್ದ ಮೈಕು ಕಂಪನಿಯವ್ರು ತಗೊಂಡು ಹೋಗ್ಯಾರ."